ಕ್ಷೀರಪಥದ ಫೋಟೋ ತೆಗೆದವರು ಯಾರು? ಸುರುಳಿ ತೋಳುಗಳ ಪ್ರಶ್ನೆ ಮತ್ತು ವೈನು ಬಪ್ಪು ಅವರ ಬದುಕು

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈ ಚಿತ್ರ ಆಗಾಗ ತಿರುಗಾಡುತ್ತಿರುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಹೊಳೆಯುವ ದೊಡ್ಡ ಸುರುಳಿ, ಅದರ ಒಂದು ತೋಳಿನ ಪಕ್ಕ ಪುಟ್ಟ ಬಾಣ, ನಾವಿರುವುದು ಇಲ್ಲಿ ಎಂಬ ಸಾಲು. ಇದು ನಾಸಾ ತೆಗೆದ ನಮ್ಮ ಗ್ಯಾಲಕ್ಸಿಯ ಅಪರೂಪದ ಫೋಟೋ, ಹತ್ತು ಜನರಿಗೆ ಕಳಿಸಿ ಎಂಬ ಕೋರಿಕೆಯೂ ಜೊತೆಗಿರುತ್ತದೆ.

ಅದು ಫೋಟೋ ಅಲ್ಲ. ನಮ್ಮ ಗ್ಯಾಲಕ್ಸಿಯಾದ ಕ್ಷೀರಪಥದ ಹೊರಗೆ ಹೋಗಿ ತಿರುಗಿ ನೋಡಿದ ಕ್ಯಾಮೆರಾ ಇದುವರೆಗೆ ಒಂದೂ ಇಲ್ಲ. ಮನುಷ್ಯ ಕಳಿಸಿದ ವಸ್ತುಗಳಲ್ಲಿ ಅತಿ ದೂರ ಹೋಗಿರುವುದು 1977ರಲ್ಲಿ ಹೊರಟ ವಾಯೇಜರ್-1 ನೌಕೆ. ಅರ್ಧ ಶತಮಾನದಷ್ಟು ಕಾಲ ಓಡಿದ ಮೇಲೂ ಅದು ಇರುವುದು ಬೆಳಕು ಒಂದೇ ದಿನದಲ್ಲಿ ಕ್ರಮಿಸುವ ದೂರದ ಆಸುಪಾಸಿನಲ್ಲಿ. ಕ್ಷೀರಪಥದ ಈ ತುದಿಯಿಂದ ಆ ತುದಿಗೆ ಹೋಗಲು ಅದೇ ಬೆಳಕಿಗೆ ಸುಮಾರು 1 ಲಕ್ಷ ವರ್ಷ ಬೇಕು. ಫಾರ್ವರ್ಡ್‌ಗಳಲ್ಲಿ ಹೆಚ್ಚಾಗಿ ಕಾಣುವ ಚಿತ್ರವನ್ನು ಸ್ಪಿಟ್ಜರ್ ದೂರದರ್ಶಕದ ಮಾಹಿತಿ ಆಧರಿಸಿ ರಾಬರ್ಟ್ ಹರ್ಟ್ ಎಂಬ ಕಲಾವಿದರು 2008ರಲ್ಲಿ ರಚಿಸಿದರು. ಕೆಲವೊಮ್ಮೆ ಬೇರೆ ಯಾವುದೋ ಗ್ಯಾಲಕ್ಸಿಯ ನಿಜವಾದ ಫೋಟೋಗೆ ಬಾಣ ಅಂಟಿಸಿ ಕಳಿಸುವವರೂ ಇದ್ದಾರೆ.

ಹಾಗೆಂದು ಆ ಚಿತ್ರವನ್ನು ಕಟ್ಟುಕಥೆ ಎಂದು ತಳ್ಳಿಹಾಕುವಂತಿಲ್ಲ. ಅದೊಂದು ನಕ್ಷೆ. ಚಾಮುಂಡಿ ಬೆಟ್ಟದ ಮೇಲೆ ನಿಂತು ಭಾನುವಾರ ಸಂಜೆ ಕೆಳಗೆ ನೋಡಿದರೆ ಅರಮನೆಯ ದೀಪಗಳು ಎಲ್ಲಿವೆ, ಯಾವ ರಸ್ತೆ ಎಲ್ಲಿ ತಿರುಗುತ್ತದೆ ಎಂದು ಕಾಣುತ್ತದೆ. ಕ್ಷೀರಪಥಕ್ಕೆ ಅಂಥ ಬೆಟ್ಟವಿಲ್ಲ. ಅಗ್ರಹಾರದ ಒಂದು ಮನೆಯ ಜಗಲಿ ಬಿಟ್ಟು ಏಳದೆ, ಸುತ್ತ ಕಾಣುವ ದೀಪಗಳನ್ನಷ್ಟೇ ನೋಡಿ ಇಡೀ ಮೈಸೂರಿನ ನಕ್ಷೆ ಬರೆಯಬೇಕು ಎಂದರೆ ಹೇಗಿರುತ್ತದೆ? ಒಂದು ದೀಪ ಮಂಕಾಗಿ ಕಂಡರೆ ಅದು ದೂರದ ದೊಡ್ಡ ದೀಪವೋ ಹತ್ತಿರದ ಸಣ್ಣ ಬಲ್ಬೋ ಗೊತ್ತಾಗದು. ಬಲ್ಬಿನ ವಾಟ್ ಎಷ್ಟೆಂದು ತಿಳಿದರೆ ಮಾತ್ರ ದೂರ ಹೇಳಬಹುದು. ಗ್ಯಾಲಕ್ಸಿಯ ಸುರುಳಿಯನ್ನು ಕಂಡುಹಿಡಿದದ್ದು ಹೀಗೆಯೇ, ಒಂದೊಂದು ನಕ್ಷತ್ರದ ವಾಟ್ ಲೆಕ್ಕ ಹಾಕುತ್ತ. ಆ ಲೆಕ್ಕಕ್ಕೆ ಹೊಸ ಅಳತೆಗೋಲು ಕೊಟ್ಟವರಲ್ಲಿ ಒಬ್ಬರು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದ ಮನಾಲಿ ಕಲ್ಲಟ್ ವೈನು ಬಪ್ಪು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಸುರುಳಿ ತೋಳು ಹೇಗೆ ಉಂಟಾಗುತ್ತದೆ ಎಂಬುದನ್ನು ಬಪ್ಪು ಬಿಡಿಸಲಿಲ್ಲ. ಭಾರತೀಯ ವಿಜ್ಞಾನಿಗಳ ಬಗ್ಗೆ ಬರುವ ಫಾರ್ವರ್ಡ್‌ಗಳು ಎಲ್ಲವನ್ನೂ ಅವರೇ ಕಂಡುಹಿಡಿದರು ಎಂದು ಸಾರುತ್ತವೆ. ಈ ಬರಹ ಆ ಪಟ್ಟಿಗೆ ಸೇರುವುದು ಬೇಡ. ಅವರು ಮಾಡಿದ ಕೆಲಸ ಬೇರೆ, ಅದು ಕಡಿಮೆಯದೇನೂ ಅಲ್ಲ.

ಹೈದರಾಬಾದಿನ ಹುಡುಗ

ಬಪ್ಪು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಮದ್ರಾಸಿನಲ್ಲಿ. ಕುಟುಂಬ ಕೇರಳದ ಕಣ್ಣೂರಿನ ಕಡೆಯದು. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಸಹಾಯಕರಾಗಿದ್ದರು. ಆ ಕಾಲದಲ್ಲಿ ಜಗತ್ತಿನ ಹಲವು ವೀಕ್ಷಣಾಲಯಗಳು ಆಕಾಶವನ್ನು ಪಟ್ಟೆ ಪಟ್ಟೆಯಾಗಿ ಹಂಚಿಕೊಂಡು, ಗಾಜಿನ ಫಲಕಗಳ ಮೇಲೆ ನಕ್ಷತ್ರಗಳ ಚಿತ್ರ ತೆಗೆದು, ಅವುಗಳ ಸ್ಥಾನ ಅಳೆದು ದೊಡ್ಡ ಪಟ್ಟಿಯೊಂದನ್ನು ತಯಾರಿಸುತ್ತಿದ್ದವು. ನಿಜಾಮಿಯಾ ಪಾಲಿಗೂ ಒಂದು ಪಟ್ಟೆ ಬಂದಿತ್ತು. ಆಕಾಶದ ನಕ್ಷೆ ಬರೆಯುವ ಇಂಥ ಕಡೆ ಕೆಲಸ ಮಾಡುವ ಅಪ್ಪನ ಮಗನಿಗೆ ರಾತ್ರಿಯ ಆಕಾಶ ಮನೆಯಂಗಳದಷ್ಟೇ ಪರಿಚಿತವಾಯಿತು. ನಿಜಾಮ್ ಕಾಲೇಜಿನಲ್ಲಿ ಓದುತ್ತಿರುವಾಗಲೇ ಬೆಳಕು ಏರಿಳಿಯುವ ನಕ್ಷತ್ರಗಳನ್ನು ಗಮನಿಸಿ ಬರೆಯತೊಡಗಿದ್ದರು.

ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು 1949ರಲ್ಲಿ ಅವರು ಅಮೆರಿಕದ ಹಾರ್ವರ್ಡ್ ತಲುಪಿದರು. ಅಲ್ಲಿನ ವೀಕ್ಷಣಾಲಯದ ಮುಖ್ಯಸ್ಥ ಹಾರ್ಲೋ ಶಾಪ್ಲಿ. ಸೂರ್ಯ ಕ್ಷೀರಪಥದ ನಡುವೆ ಇಲ್ಲ, ಎಲ್ಲೋ ದೂರದ ಮೂಲೆಯಲ್ಲಿದೆ ಎಂದು ತೋರಿಸಿದವರು ಅವರೇ. ಅಲ್ಲಿಯೇ ಇದ್ದ ಇನ್ನೊಬ್ಬರು ಡಚ್ ಮೂಲದ ಬಾರ್ಟ್ ಬಾಕ್. ಹೆಂಡತಿ ಪ್ರಿಸಿಲ್ಲಾ ಜೊತೆ ಸೇರಿ ಕ್ಷೀರಪಥದ ಬಗ್ಗೆ ಪುಸ್ತಕ ಬರೆದಿದ್ದ ಬಾಕ್, ಅದರ ಸುರುಳಿಯನ್ನು ಹಿಡಿಯುವುದಕ್ಕೇ ಬದುಕನ್ನು ಮೀಸಲಿಟ್ಟವರು.

ಬಪ್ಪು ಬಂದ ವರ್ಷವೇ, ಜುಲೈ 2ರಂದು, ಬೇರೆ ಉದ್ದೇಶಕ್ಕೆ ತೆಗೆದ ಒಂದು ಫಲಕದಲ್ಲಿ ಅವರಿಗೆ ಮಸುಕಾದ ಒಂದು ಗೆರೆ ಕಂಡಿತು. ಅದು ಹೊಸ ಧೂಮಕೇತು. ಅದನ್ನು ಖಚಿತಪಡಿಸಿಕೊಳ್ಳಲು ನೆರವಾದವರು ಬಾಕ್ ಮತ್ತು ಸಹಪಾಠಿ ಗಾರ್ಡನ್ ನ್ಯೂಕರ್ಕ್. ಮೂವರ ಹೆಸರೂ ಅದಕ್ಕೆ ಸೇರಿ ಬಪ್ಪು-ಬಾಕ್-ನ್ಯೂಕರ್ಕ್ ಧೂಮಕೇತು ಎಂದಾಯಿತು. ಪೆಸಿಫಿಕ್ ಖಗೋಳ ಸಂಘ ಬಪ್ಪು ಅವರಿಗೆ ಡೊನೋ ಪದಕ ಕೊಟ್ಟಿತು. ಇಂದಿಗೂ ಪತ್ರಿಕೆಗಳು ಬಪ್ಪು ಎಂದರೆ ಮೊದಲು ನೆನಪಿಸಿಕೊಳ್ಳುವುದು ಈ ಧೂಮಕೇತುವನ್ನೇ. ನನಗಂತೂ ಅದಕ್ಕಿಂತ ಆ ಮೂರು ವರ್ಷಗಳಲ್ಲಿ ಅವರ ಸುತ್ತಮುತ್ತ ನಡೆದದ್ದು ಹೆಚ್ಚು ಮುಖ್ಯ ಅನಿಸುತ್ತದೆ.

ಎಣಿಸಿ ಎಣಿಸಿ ಸೋತವರು

ಗ್ಯಾಲಕ್ಸಿಗಳಿಗೆ ಸುರುಳಿ ಇರುತ್ತದೆ ಎಂದು ಮೊದಲು ಕಂಡವರು ಐರ್ಲೆಂಡಿನ ಲಾರ್ಡ್ ರಾಸ್, 1845ರಲ್ಲಿ. ತಮ್ಮ ಬರ್ ಕೋಟೆಯ ಆವರಣದಲ್ಲಿ ಕಟ್ಟಿಸಿದ 72 ಅಂಗುಲದ ದೂರದರ್ಶಕದಿಂದ ಎಂ51 ಎಂಬ ಮಬ್ಬು ಮಚ್ಚೆಯನ್ನು ನೋಡಿ ಅದರ ಸುರುಳಿಯನ್ನು ಕೈಯಾರೆ ಬಿಡಿಸಿದ್ದರು. ಅದು ನಮ್ಮಿಂದಾಚೆಗಿನ ಬೇರೆಯೇ ಗ್ಯಾಲಕ್ಸಿ ಎಂದು ತಿಳಿದದ್ದು 1920ರ ದಶಕದಲ್ಲಿ. ಹಾಗಾದರೆ ನಮ್ಮದಕ್ಕೂ ಸುರುಳಿ ಇರಬೇಕಲ್ಲ?

ಬಾಕ್ ಮತ್ತು ಅವರ ಓರಗೆಯವರು ಇದಕ್ಕೆ ಹಿಡಿದ ದಾರಿ ಸರಳ. ಆಕಾಶದ ಒಂದೊಂದು ದಿಕ್ಕಿನಲ್ಲೂ ನಕ್ಷತ್ರಗಳನ್ನು ಎಣಿಸುವುದು. ಹೆಚ್ಚು ಇದ್ದ ಕಡೆ ತೋಳು, ಕಡಿಮೆ ಇದ್ದ ಕಡೆ ಸಂದು. ವರ್ಷಗಟ್ಟಲೆ ಎಣಿಸಿದರೂ ತೋಳು ಸಿಗಲಿಲ್ಲ. ಕಾರಣ ಎರಡು. ನಕ್ಷತ್ರಗಳ ನಡುವಿನ ದೂಳು ಬೆಳಕನ್ನು ನುಂಗುತ್ತದೆ, ಹಾಗಾಗಿ ದೂರದವು ಕಾಣುವುದೇ ಇಲ್ಲ. ಇನ್ನೊಂದು ಕಾರಣ ಬಹಳ ಜನಕ್ಕೆ ಇಂದಿಗೂ ಗೊತ್ತಿಲ್ಲ: ಸೂರ್ಯನಂಥ ಸಾಮಾನ್ಯ ನಕ್ಷತ್ರಗಳು ತೋಳಿನಲ್ಲಿ ಸ್ವಲ್ಪ ಹೆಚ್ಚು, ಸಂದಿನಲ್ಲಿ ಸ್ವಲ್ಪ ಕಡಿಮೆ, ಅಷ್ಟೇ. ಫೋಟೋದಲ್ಲಿ ಎರಡು ತೋಳುಗಳ ನಡುವೆ ಕತ್ತಲೆ ಕಂಡರೆ ಅಲ್ಲಿ ಏನೂ ಇಲ್ಲ ಎಂದುಕೊಳ್ಳುತ್ತೇವೆ. ಅಲ್ಲೂ ನಕ್ಷತ್ರಗಳು ತುಂಬಿವೆ. ಇಲ್ಲದಿರುವುದು ಕಣ್ಣು ಕುಕ್ಕುವ ನೀಲಿ ನಕ್ಷತ್ರಗಳು ಮಾತ್ರ.

ಗಂಟು ಬಿಚ್ಚಿದ್ದು 1951ರಲ್ಲಿ, ಎರಡು ಕಡೆಯಿಂದ. ಆ ವರ್ಷದ ಮಾರ್ಚ್ 25ರಂದು ಹಾರ್ವರ್ಡ್‌ನ ಭೌತವಿಜ್ಞಾನ ಪ್ರಯೋಗಾಲಯದ ಕಿಟಕಿಗೆ ಕಹಳೆಯಾಕಾರದ ಆಂಟೆನಾ ಸಿಕ್ಕಿಸಿ, ಹೆರಾಲ್ಡ್ ಯೂವೆನ್ ಮತ್ತು ಎಡ್ವರ್ಡ್ ಪರ್ಸೆಲ್ ಆಕಾಶದ ಜಲಜನಕ ಅನಿಲ ಹೊಮ್ಮಿಸುವ 21 ಸೆಂ.ಮೀ. ರೇಡಿಯೋ ಅಲೆಯನ್ನು ಮೊದಲ ಬಾರಿ ಹಿಡಿದರು. ದೂಳು ಈ ಅಲೆಯನ್ನು ತಡೆಯುವುದಿಲ್ಲ. ಡಚ್ಚರು ಮತ್ತು ಆಸ್ಟ್ರೇಲಿಯನ್ನರು ಅದೇ ದಶಕದಲ್ಲಿ ಈ ಅಲೆಯನ್ನು ಬಳಸಿ ಕ್ಷೀರಪಥದ ಅನಿಲದ ನಕ್ಷೆ ಬರೆದರು. ಇನ್ನೊಂದು ಕಡೆ, ಯರ್ಕಿಸ್ ವೀಕ್ಷಣಾಲಯದ ವಿಲಿಯಂ ಮಾರ್ಗನ್ ಮತ್ತು ಅವರ ಇಬ್ಬರು ಕಿರಿಯ ಸಂಗಾತಿಗಳು ಎಲ್ಲ ನಕ್ಷತ್ರಗಳನ್ನೂ ಎಣಿಸುವುದು ಬಿಟ್ಟು, ಅತಿ ಬಿಸಿಯಾದ ನೀಲಿ ನಕ್ಷತ್ರಗಳನ್ನಷ್ಟೇ ಆರಿಸಿಕೊಂಡರು. ಅವುಗಳ ದೂರ ಲೆಕ್ಕ ಹಾಕಿ ಗುರುತಿಸುತ್ತ ಹೋದಾಗ ಸೂರ್ಯನ ಬಳಿ ತೋಳುಗಳ ತುಂಡುಗಳು ಮೂಡಿದವು. ಡಿಸೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ಸಭೆಯಲ್ಲಿ ಮಾರ್ಗನ್ ಇದನ್ನು ತೋರಿಸಿದಾಗ ಖಗೋಳ ವಿಜ್ಞಾನಿಗಳು ಎದ್ದುನಿಂತು ಚಪ್ಪಾಳೆ ತಟ್ಟಿದರು, ಕಾಲು ಬಡಿದರು. ವಿಜ್ಞಾನ ಸಭೆಗಳಲ್ಲಿ ಅದು ಅಪರೂಪ.

ಬಪ್ಪು ಸಂಶೋಧನೆಗೆ ಕಣ್ಣು ಬಿಟ್ಟದ್ದು ಈ ಗದ್ದಲದ ನಡುವೆ. ಸುರುಳಿಯ ಪ್ರಶ್ನೆ ಕೊನೆಗೆ ದೂರದ ಪ್ರಶ್ನೆ, ದೂರದ ಪ್ರಶ್ನೆ ಎಂದರೆ ನಕ್ಷತ್ರದ ನಿಜವಾದ ಪ್ರಕಾಶದ ಪ್ರಶ್ನೆ ಎಂಬುದು ಅವರ ಪೀಳಿಗೆಗೆ ಚೆನ್ನಾಗಿ ಮನದಟ್ಟಾಗಿತ್ತು.

ಬೆಳಕಿನೊಳಗಿನ ಗೆರೆ

1952ರಲ್ಲಿ ಡಾಕ್ಟರೇಟ್ ಮುಗಿಯಿತು. ಕಾರ್ನೆಗಿ ಫೆಲೋಶಿಪ್ ಪಡೆದು ಬಪ್ಪು ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಮತ್ತು ಪಾಲೊಮಾರ್ ವೀಕ್ಷಣಾಲಯಗಳಿಗೆ ಹೋದರು. ಆಗ ಪಾಲೊಮಾರ್‌ನಲ್ಲಿ ಜಗತ್ತಿನ ಅತಿ ದೊಡ್ಡ ದೂರದರ್ಶಕವಿತ್ತು. ಅಲ್ಲಿ ಆಲಿನ್ ವಿಲ್ಸನ್ ಎಂಬ ಹಿರಿಯರ ಜೊತೆ ಕೆಲಸ.

ನಕ್ಷತ್ರದ ಬೆಳಕನ್ನು ಕಾಮನಬಿಲ್ಲಿನಂತೆ ಹರಡಿದರೆ ಅದರಲ್ಲಿ ಅನೇಕ ಕಪ್ಪು ಗೆರೆಗಳು ಕಾಣುತ್ತವೆ. ಒಂದೊಂದು ಗೆರೆ ಒಂದೊಂದು ಮೂಲವಸ್ತುವಿನ ಸಹಿ ಇದ್ದಂತೆ. ನೇರಳೆಯ ಅಂಚಿನಲ್ಲಿ ಕ್ಯಾಲ್ಸಿಯಂನ ಅಗಲವಾದ ಕಪ್ಪು ಗೆರೆಯಿದೆ. ನಮ್ಮ ಮೂಳೆ, ಹಾಲು, ವೀಳ್ಯದೆಲೆಯ ಸುಣ್ಣದಲ್ಲಿರುವ ಅದೇ ಕ್ಯಾಲ್ಸಿಯಂ. ಹಳದಿ, ಕಿತ್ತಳೆ, ಕೆಂಪು ಬಣ್ಣದ ತಂಪಾದ ನಕ್ಷತ್ರಗಳಲ್ಲಿ ಈ ಕಪ್ಪು ಗೆರೆಯ ನಡುವೆ ತೆಳ್ಳಗೆ ಹೊಳೆಯುವ ಇನ್ನೊಂದು ಗೆರೆ ಇರುತ್ತದೆ. ಆ ಹೊಳೆಯುವ ಗೆರೆಯ ಅಗಲವನ್ನು ವಿಲ್ಸನ್ ಮತ್ತು ಬಪ್ಪು ಎಚ್ಚರದಿಂದ ಅಳೆದರು. ದೈತ್ಯ ನಕ್ಷತ್ರಗಳಲ್ಲಿ ಗೆರೆ ಅಗಲ, ಕುಬ್ಜಗಳಲ್ಲಿ ಕಿರಿದು. ಅಗಲಕ್ಕೂ ನಿಜವಾದ ಪ್ರಕಾಶಕ್ಕೂ ಅಚ್ಚುಕಟ್ಟಾದ ಸಂಬಂಧವಿತ್ತು. ನಕ್ಷತ್ರದ ಬಣ್ಣ ಹೆಚ್ಚುಕಡಿಮೆಯಾದರೂ ಆ ಸಂಬಂಧ ಕದಲಲಿಲ್ಲ.

ಇದರ ಬೆಲೆ ಏನೆಂದರೆ, ಬಲ್ಬಿನ ಮೇಲೆ ಬರೆದ ವಾಟ್ ಓದಿದಂತಾಯಿತು. ಗೆರೆಯ ಅಗಲ ಅಳೆದರೆ ನಿಜವಾದ ಪ್ರಕಾಶ. ಅದನ್ನು ಕಣ್ಣಿಗೆ ಕಾಣುವ ಪ್ರಕಾಶದ ಜೊತೆ ಹೋಲಿಸಿದರೆ ದೂರ. 1957ರಲ್ಲಿ ಪ್ರಕಟವಾದ ಇದಕ್ಕೆ ವಿಲ್ಸನ್-ಬಪ್ಪು ಪರಿಣಾಮ ಎಂದು ಹೆಸರು. ಖಗೋಳ ವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಇದು ಇಂದಿಗೂ ಇದೆ.

ಆದರೆ ಇದು ತಂಪಾದ ನಕ್ಷತ್ರಗಳಿಗೆ ಮಾತ್ರ ಹೊಂದುವ ಅಳತೆಗೋಲು. ಸುರುಳಿ ತೋಳನ್ನು ಬೆಳಗುವುದು ಬಿಸಿ ನೀಲಿ ನಕ್ಷತ್ರಗಳು. ಅವುಗಳಿಗೆ ಬೇರೆ ಕೋಲು ಬೇಕು.

ಅದರ ಕೆಲಸ ಬಪ್ಪು ಮಾಡಿದ್ದು ಭಾರತಕ್ಕೆ ಮರಳಿದ ಮೇಲೆ. 1953ರಲ್ಲಿ ಅವರು ಬಂದಾಗ ಇಲ್ಲಿ ಪಾಲೊಮಾರ್ ಹೋಗಲಿ, ಅದರ ಕಾಲು ಭಾಗದ ದೂರದರ್ಶಕವೂ ಹೊಸ ಕೆಲಸಕ್ಕೆ ಒದಗುವಂತಿರಲಿಲ್ಲ. ಉತ್ತರ ಪ್ರದೇಶ ಸರ್ಕಾರ ವಾರಾಣಸಿಯಲ್ಲಿ ಆಗಷ್ಟೇ ತೆರೆದಿದ್ದ ವೀಕ್ಷಣಾಲಯದ ಹೊಣೆ 1954ರ ಕೊನೆಗೆ ಅವರ ಹೆಗಲಿಗೆ ಬಂತು. ಬಯಲಿನ ದೂಳಿನ ಆಕಾಶ ಆಗದು ಎಂದು ಮರುವರ್ಷವೇ ಅದನ್ನು ನೈನಿತಾಲದ ಬೆಟ್ಟಕ್ಕೆ ಸಾಗಿಸಿದರು. ಅಲ್ಲಿದ್ದ 25 ಸೆಂ.ಮೀ. ದೂರದರ್ಶಕಕ್ಕೆ ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸಿ ಅಳೆಯುವ ಸಾಧನ ಜೋಡಿಸಿ, ಸಹೋದ್ಯೋಗಿಗಳ ಜೊತೆ ನೀಲಿ ನಕ್ಷತ್ರಗಳ ಜಲಜನಕದ ಒಂದು ಗೆರೆಯನ್ನು ಅಳೆಯತೊಡಗಿದರು. ಇಲ್ಲಿ ಲೆಕ್ಕ ತಿರುಗುಮುರುಗು: ಉಬ್ಬಿದ ದೈತ್ಯಗಳಲ್ಲಿ ಗೆರೆ ಸಪೂರ, ಸಣ್ಣ ನಕ್ಷತ್ರಗಳಲ್ಲಿ ದಪ್ಪ. ದೈತ್ಯದ ಹೊರಪದರ ವಿರಳ. ಅಲ್ಲಿ ಪರಮಾಣುಗಳ ನೂಕುನುಗ್ಗಲು ಕಡಿಮೆ, ಹಾಗಾಗಿ ಗೆರೆ ಹರಡುವುದಿಲ್ಲ. 1962ರಲ್ಲಿ ಪ್ರಕಟವಾದ ಈ ಕೆಲಸ ಧೂಮಕೇತುವಿನಂತೆ ಸುದ್ದಿಯಾಗಲಿಲ್ಲ. ತೋಳಿನ ದೀಪಗಳಾದ ನೀಲಿ ನಕ್ಷತ್ರಗಳ ದೂರ ತಿಳಿಯಲು ಬೇಕಾದ ಸಾಮಗ್ರಿ ಮಾತ್ರ ಇಂಥದ್ದೇ.

ನೀಲಿ ನಕ್ಷತ್ರಗಳಿಗಿಂತಲೂ ಬಿಸಿಯಾದ, ತಮ್ಮ ಮೈಯನ್ನೇ ಗಾಳಿಗೆ ತೂರುತ್ತಿರುವ ವುಲ್ಫ್-ರಾಯೆ ನಕ್ಷತ್ರಗಳು ಬಪ್ಪು ಅವರ ಜೀವನದುದ್ದದ ಒಲವು. ಹೆಚ್ಚಿನವು ಭಾರಿ ತೂಕದವು, ಎಳೆಯವು, ಅಲ್ಪಾಯುಷಿಗಳು. ಅವು ಸಿಗುವುದೂ ಸುರುಳಿ ತೋಳುಗಳ ಬಳಿಯೇ. ಯಾಕೆ ಹೀಗೆ?

ಚಕ್ಕುಲಿ ಆಗದ ಸುರುಳಿ

ಇಲ್ಲಿ ಸ್ವಲ್ಪ ಹೊತ್ತು ಬಪ್ಪು ಅವರನ್ನು ಬಿಟ್ಟು ತೋಳುಗಳ ಕಡೆ ಬರೋಣ. ಫ್ಯಾನಿನ ರೆಕ್ಕೆಯಂತೆ ತೋಳು ಎಂಬುದೊಂದು ಗಟ್ಟಿ ವಸ್ತು, ಸೂರ್ಯ ಅದಕ್ಕೆ ಅಂಟಿಕೊಂಡು ತಿರುಗುತ್ತಾನೆ ಎಂದು ನಾವು ಅಂದುಕೊಂಡಿರುತ್ತೇವೆ. ಚಿತ್ರ ನೋಡಿದರೆ ಹಾಗೆ ಅನಿಸುವುದು ಸಹಜ.

ಸೂರ್ಯ ಕ್ಷೀರಪಥದ ನಡುವಿನಿಂದ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿದ್ದಾನೆ. ಸೆಕೆಂಡಿಗೆ ಸುಮಾರು 220 ಕಿ.ಮೀ. ವೇಗದಲ್ಲಿ ಓಡುತ್ತ ಒಂದು ಸುತ್ತು ಮುಗಿಸಲು 23 ಕೋಟಿ ವರ್ಷದಷ್ಟು ತೆಗೆದುಕೊಳ್ಳುತ್ತಾನೆ. ಅದರ ಅರ್ಧ ದೂರದಲ್ಲಿರುವ ನಕ್ಷತ್ರವೂ ಹೆಚ್ಚುಕಡಿಮೆ ಅಷ್ಟೇ ವೇಗದಲ್ಲಿ ಓಡುತ್ತದೆ. ದಾರಿ ಅರ್ಧ ಆದ್ದರಿಂದ ಸೂರ್ಯ ಒಂದು ಸುತ್ತು ಬರುವಷ್ಟರಲ್ಲಿ ಅದು ಎರಡು ಸುತ್ತು ಮುಗಿಸಿರುತ್ತದೆ. ಗ್ಯಾಲಕ್ಸಿಯ ವಯಸ್ಸು 1,000 ಕೋಟಿ ವರ್ಷಕ್ಕೂ ಹೆಚ್ಚು. ತೋಳು ಎಂದರೆ ಅವೇ ನಕ್ಷತ್ರಗಳ ಸಾಲು ಎನ್ನುವುದಾದರೆ, ಇಷ್ಟು ಹೊತ್ತಿಗೆ ಅದು 40ಕ್ಕೂ ಹೆಚ್ಚು ಸುತ್ತು ಸುತ್ತಿಕೊಂಡು ಒತ್ತೊತ್ತಾದ ಚಕ್ಕುಲಿಯಾಗಿರಬೇಕಿತ್ತು. ನಿಜವಾದ ಗ್ಯಾಲಕ್ಸಿಗಳ ತೋಳು ಒಂದೋ ಎರಡೋ ಸುತ್ತು ಬಂದು ಬಿಚ್ಚಿಕೊಂಡಿರುತ್ತದೆ. ಅಂದರೆ ತೋಳು ನಕ್ಷತ್ರಗಳ ಸಾಲಲ್ಲ.

ಮತ್ತೇನು? ಶ್ರೀರಂಗಪಟ್ಟಣದಿಂದ ಮಂಡ್ಯದ ಕಡೆಗೆ ಹೋಗುವ ಹಳೆ ರಸ್ತೆಯನ್ನು ಕಬ್ಬು ಅರೆಯುವ ಕಾಲದಲ್ಲಿ ನೆನಪಿಸಿಕೊಳ್ಳಿ. (ಎಕ್ಸ್‌ಪ್ರೆಸ್‌ವೇ ಬಿಡಿ, ಅಲ್ಲಿ ಟ್ರ್ಯಾಕ್ಟರ್ ಬಿಡುವುದಿಲ್ಲ.) ಕಬ್ಬು ಹೇರಿದ ಟ್ರ್ಯಾಕ್ಟರ್ ತೆವಳುತ್ತಿದೆ. ಹಿಂದೆ ಬಸ್ಸು, ಕಾರು, ಬೈಕುಗಳ ಸಾಲು. ಒಂದು ಬಸ್ಸು ಹೇಗೋ ಸಂದು ಮಾಡಿಕೊಂಡು ಮುಂದೆ ಹೋಗುತ್ತದೆ, ಅಷ್ಟರಲ್ಲಿ ಹಿಂದಿನಿಂದ ಇನ್ನೆರಡು ಬಂದು ಸೇರುತ್ತವೆ. ಅರ್ಧ ಗಂಟೆ ಬಿಟ್ಟು ಮೇಲಿನಿಂದ ನೋಡಿದರೂ ಟ್ರ್ಯಾಕ್ಟರಿನ ಹಿಂದೆ ಅಂಥದ್ದೇ ಗುಂಪು ಇರುತ್ತದೆ. ಆದರೆ ಅದರಲ್ಲಿರುವ ಗಾಡಿಗಳು ಬೇರೆ. ಗುಂಪು ಟ್ರ್ಯಾಕ್ಟರಿನ ವೇಗದಲ್ಲಿ ಸಾಗುತ್ತದೆ, ಗಾಡಿಗಳು ತಮ್ಮ ವೇಗದಲ್ಲಿ.

ಸುರುಳಿ ತೋಳು ಇಂಥ ಗುಂಪು. ನಕ್ಷತ್ರಗಳು ಒಂದು ಕಡೆಯಿಂದ ಒಳಗೆ ಬರುತ್ತವೆ, ಕೆಲಕಾಲ ನಿಧಾನಿಸುತ್ತವೆ, ಇನ್ನೊಂದು ಕಡೆಯಿಂದ ಹೊರಟು ಹೋಗುತ್ತವೆ. ಸೂರ್ಯನೂ ತನ್ನ ಆಯುಸ್ಸಿನಲ್ಲಿ ಹೀಗೆ ಹಲವು ಬಾರಿ ತೋಳುಗಳನ್ನು ಹಾದು ಬಂದಿರಬೇಕು. ಹೋಲಿಕೆಯಲ್ಲಿ ಒಂದು ಕೊರತೆ ಇದೆ. ಗ್ಯಾಲಕ್ಸಿಯಲ್ಲಿ ಟ್ರ್ಯಾಕ್ಟರ್ ಇಲ್ಲ. ಅಲ್ಲಿ ಗುಂಪೇ ಟ್ರ್ಯಾಕ್ಟರ್: ಸ್ವಲ್ಪ ಹೆಚ್ಚು ನಕ್ಷತ್ರ, ಅನಿಲ ಸೇರಿದ ಜಾಗದ ಗುರುತ್ವ ಸುತ್ತಲಿನವನ್ನು ಸ್ವಲ್ಪ ಹೆಚ್ಚು ಎಳೆಯುತ್ತದೆ, ಆ ಎಳೆತದಿಂದಲೇ ಗುಂಪು ಉಳಿಯುತ್ತದೆ. ಸ್ವೀಡನ್ನಿನ ಬರ್ಟಿಲ್ ಲಿಂಡ್‌ಬ್ಲಾಡ್ ದಶಕಗಳ ಕಾಲ ಈ ದಿಕ್ಕಿನಲ್ಲಿ ಲೆಕ್ಕ ಹಾಕಿದವರು. 1964ರಲ್ಲಿ ಚೀನಾ ಮೂಲದ ಸಿ.ಸಿ. ಲಿನ್ ಮತ್ತು ಅವರ ಕಿರಿಯ ಸಂಗಾತಿ ಫ್ರಾಂಕ್ ಶು ಇದನ್ನು ಸಾಂದ್ರತೆಯ ಅಲೆ ಎಂಬ ಗಣಿತದ ರೂಪಕ್ಕೆ ತಂದರು. ಲಿಂಡ್‌ಬ್ಲಾಡ್ ಮರುವರ್ಷ ತೀರಿಕೊಂಡರು.

ಈಗ ನೀಲಿ ನಕ್ಷತ್ರಗಳ ಗುಟ್ಟು ಸುಲಭ. ಗುಂಪಿಗೆ ನುಗ್ಗಿದ ಅನಿಲದ ಮೋಡ ಒತ್ತಡಕ್ಕೆ ಸಿಕ್ಕಿ ಕುಸಿಯುತ್ತದೆ, ಹೊಸ ನಕ್ಷತ್ರಗಳು ಹುಟ್ಟುತ್ತವೆ. ಅವುಗಳಲ್ಲಿ ಭಾರಿ ತೂಕದವು ನೀಲಿಯಾಗಿ ಧಗಧಗಿಸಿ, ಕೆಲವು ಹತ್ತು ಲಕ್ಷ ವರ್ಷದಿಂದ ಕೆಲವು ಕೋಟಿ ವರ್ಷದೊಳಗೆ ಸತ್ತು ಹೋಗುತ್ತವೆ. 23 ಕೋಟಿ ವರ್ಷದ ಸುತ್ತಿನ ಮುಂದೆ ಅದು ಏನೂ ಅಲ್ಲ. ಹುಟ್ಟಿದ ತೋಳನ್ನು ಬಿಟ್ಟು ಹೆಚ್ಚು ದೂರ ಹೋಗುವ ಮೊದಲೇ ಅವುಗಳ ಆಯುಸ್ಸು ಮುಗಿದಿರುತ್ತದೆ. ಸೂರ್ಯನಂಥ ಸಣ್ಣವು ಉಳಿದು ಇಡೀ ತಟ್ಟೆಯ ತುಂಬ ಚೆದುರಿಕೊಳ್ಳುತ್ತವೆ. ಬಾಕ್ ಅವರ ಎಣಿಕೆ ಸೋತದ್ದಕ್ಕೂ ಮಾರ್ಗನ್ ಗೆದ್ದದ್ದಕ್ಕೂ ಕಾರಣ ಇದೇ.

ಕಥೆ ಇಲ್ಲಿಗೆ ಮುಗಿಯಿತು ಎನ್ನುವಂತಿಲ್ಲ. ಇಂಥ ಅಲೆ ತಾನಾಗಿ ಬಹುಕಾಲ ಬಾಳದು, ಕೆಲವೇ ಸುತ್ತುಗಳಲ್ಲಿ ಕರಗಿಹೋಗಬೇಕು ಎಂದು ಅಲಾರ್ ಟೂಮ್ರೆ 1969ರಲ್ಲಿ ತೋರಿಸಿದರು. ಅಂದರೆ ಅದಕ್ಕೆ ಯಾರಾದರೂ ಮತ್ತೆ ಮತ್ತೆ ಜೀವ ಕೊಡುತ್ತಿರಬೇಕು. ಎಂ51ರ ಪಕ್ಕದಲ್ಲೇ ಒಂದು ಸಣ್ಣ ಗ್ಯಾಲಕ್ಸಿ ಇದೆ, ಅದರ ಎಳೆತ ಕಾರಣವಿರಬಹುದು. ಕೆಲವು ಗ್ಯಾಲಕ್ಸಿಗಳಲ್ಲಿ ನಡುವಿನ ದಂಡದಂಥ ಭಾಗ ತಿರುಗುತ್ತ ಕಲಕುತ್ತದೆ. ಇನ್ನು ಕೆಲವದರಲ್ಲಿ ತೋಳುಗಳು ಹುಟ್ಟುತ್ತವೆ, ಹರಿದುಹೋಗುತ್ತವೆ, ಮತ್ತೆ ಹುಟ್ಟುತ್ತವೆ. ನೋಡುವ ಕ್ಷಣಕ್ಕೆ ಸುರುಳಿ ಇದ್ದೇ ಇರುತ್ತದೆ, ಅದೇ ಸುರುಳಿ ಮಾತ್ರ ಅಲ್ಲ. ಈ ಜಗಳದಲ್ಲಿ ಅನಿಲದ ಪಾತ್ರ ದೊಡ್ಡದು ಎಂದು ಬಹಳ ಹಿಂದಿನಿಂದ ವಾದಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಚಂದಾ ಜೋಗ್ ಒಬ್ಬರು. ನಕ್ಷತ್ರಗಳ ತಟ್ಟೆಯಲ್ಲಿ ಸ್ವಲ್ಪ ತಣ್ಣನೆಯ ಅನಿಲ ಬೆರೆತರೂ ಎರಡೂ ಸೇರಿ ಸುಲಭವಾಗಿ ಕಲಕುತ್ತವೆ ಎಂದು ಅವರು ಫಿಲಿಪ್ ಸಾಲೊಮನ್ ಜೊತೆ 1984ರಲ್ಲಿ ತೋರಿಸಿದ್ದರು. ಅನಿಲ ಬತ್ತಿದ ಗ್ಯಾಲಕ್ಸಿಗಳಲ್ಲಿ ತೋಳು ಮಸುಕಾಗುವುದು, ಇಲ್ಲವೇ ಇಲ್ಲದಿರುವುದು ಇದಕ್ಕೆ ಒಪ್ಪುತ್ತದೆ.

ಮೈಸೂರಿನ ಅಕ್ಷಾಂಶದಲ್ಲೊಂದು ಕಣ್ಣು

ಲಿನ್ ಮತ್ತು ಶು ಅಲೆಯ ಗಣಿತ ಬರೆಯುತ್ತಿದ್ದ ವರ್ಷಗಳಲ್ಲಿ ಬಪ್ಪು ದಕ್ಷಿಣ ಭಾರತದ ಬೆಟ್ಟಗಳಲ್ಲಿ ಜಾಗ ಹುಡುಕುತ್ತಿದ್ದರು. 1960ರಲ್ಲಿ, 32ನೇ ವಯಸ್ಸಿಗೆ, ಅವರು ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಅದು ಸೂರ್ಯನನ್ನು ನೋಡಲು ಹೆಸರಾದ ಹಳೆಯ ಸಂಸ್ಥೆ. ರಾತ್ರಿಯ ಕೆಲಸಕ್ಕೆ ಅಲ್ಲಿನ ಮೋಡ ಅಡ್ಡಿ. ಕೊನೆಗೆ ಅವರು ಆರಿಸಿದ್ದು ತಮಿಳುನಾಡಿನ ವಾಣಿಯಂಬಾಡಿ ಬಳಿಯ ಜವ್ವಾದಿ ಬೆಟ್ಟಗಳ ಕಾವಲೂರು. ಕೊಡೈಕನಾಲ್‌ನ ಕಾರ್ಯಾಗಾರದಲ್ಲೇ ತಯಾರಾದ 38 ಸೆಂ.ಮೀ. ದೂರದರ್ಶಕವನ್ನು ಶ್ರೀಗಂಧದ ಮರಗಳಿದ್ದ ಆ ಕಾಡಿನಲ್ಲಿ 1960ರ ದಶಕದ ಕೊನೆಗೆ ನಿಲ್ಲಿಸಿದರು.

ಎತ್ತರ ಸುಮಾರು 725 ಮೀಟರ್, ಮೈಸೂರಿಗಿಂತ ತಗ್ಗು. ಹಿಮಾಲಯದಲ್ಲಿ ಇದಕ್ಕಿಂತ ತಿಳಿಯಾದ ಆಕಾಶ ಸಿಗುತ್ತಿರಲಿಲ್ಲವೇ ಎಂದು ಕೇಳಬಹುದು. ಉತ್ತರ ಅಕ್ಷಾಂಶದಲ್ಲಿದೆ. ಕಾವಲೂರು ಇರುವುದು ಸುಮಾರು 12.5 ಡಿಗ್ರಿ ಉತ್ತರದಲ್ಲಿ, ಮೈಸೂರಿನಷ್ಟೇ. ಇಲ್ಲಿಂದ ಉತ್ತರದ ಪರ್ಸಿಯಸ್ ತೋಳಿನ ದಿಕ್ಕೂ ಕಾಣುತ್ತದೆ, ಕ್ಷೀರಪಥದ ನಡುಭಾಗವಿರುವ ಧನು ರಾಶಿಯೂ ಮೇಲೆ ಬರುತ್ತದೆ, ದಕ್ಷಿಣದ ಕರೀನಾ ತೋಳಿನ ದಿಕ್ಕೂ ದಿಗಂತದಿಂದ ಮೇಲೇಳುತ್ತದೆ. ಪಾಲೊಮಾರ್‌ನಿಂದ ಕರೀನಾ ಕಾಣದು. ಅದನ್ನು ನೋಡಬೇಕೆಂದೇ ಬಾರ್ಟ್ ಬಾಕ್ 1957ರಲ್ಲಿ ಹಾರ್ವರ್ಡ್ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೋಗಿದ್ದರು. ಅವರ ಹಳೆಯ ವಿದ್ಯಾರ್ಥಿಗೆ ಮಾತ್ರ ಎರಡೂ ಕಡೆಯ ಆಕಾಶ ಮನೆಯ ಹತ್ತಿರವೇ ಸಿಕ್ಕಿತು.

1971ರಲ್ಲಿ ಭಾರತೀಯ ಖಭೌತ ಸಂಸ್ಥೆ ಸ್ವಾಯತ್ತ ಸಂಸ್ಥೆಯಾಯಿತು, ಮುಂದೆ ಅದರ ಕೇಂದ್ರ ಬೆಂಗಳೂರಿನ ಕೋರಮಂಗಲದಲ್ಲಿ ನೆಲೆನಿಂತಿತು. 1972ರಲ್ಲಿ ಜರ್ಮನಿಯ ಯೇನಾದಲ್ಲಿ ತಯಾರಾದ 1 ಮೀಟರ್ ದೂರದರ್ಶಕ ಕಾವಲೂರಿಗೆ ಬಂತು. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡಿದಾಗ ಅದರ ಬಳೆಗಳ ಸುಳಿವು ಕಂಡ ವೀಕ್ಷಣಾಲಯಗಳಲ್ಲಿ ಕಾವಲೂರೂ ಒಂದು. 1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಬಪ್ಪು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯ ಅವರು. 1981ರಲ್ಲಿ ಪದ್ಮಭೂಷಣ.

ಇಷ್ಟಾದರೂ ಅವರ ಮನಸ್ಸು ನೆಟ್ಟಿದ್ದು ಇನ್ನೊಂದರ ಮೇಲೆ. ದೂರದ ಮಂಕು ನಕ್ಷತ್ರಗಳ ಬೆಳಕನ್ನು ಹರಡಿ ಗೆರೆ ಅಳೆಯಲು ದೊಡ್ಡ ಕನ್ನಡಿ ಬೇಕು, ಅದನ್ನು ಇಲ್ಲೇ ಮಾಡಬೇಕು. ವಿದೇಶದಿಂದ ಸಿದ್ಧವಾದದ್ದನ್ನು ಕೊಳ್ಳುವುದು ಬೇಗ ಆಗುವ ಕೆಲಸ. ಬಪ್ಪು ನಿಧಾನದ ದಾರಿ ಹಿಡಿದರು. 2.34 ಮೀಟರ್ ಅಗಲದ ದೂರದರ್ಶಕದ ವಿನ್ಯಾಸ, ಯಂತ್ರಭಾಗ ಎಲ್ಲ ದೇಶದೊಳಗೇ. ಜರ್ಮನಿಯಿಂದ ಬಂದ ಗಾಜಿನ ಬಿಲ್ಲೆಯನ್ನು ಬೆಂಗಳೂರಿನ ಸಂಸ್ಥೆಯಲ್ಲೇ ಉಜ್ಜಿ ಹೊಳಪು ಕೊಡುವ ಕೆಲಸ ನಡೆಯಿತು. ವರ್ಷಗಳು ಉರುಳಿದವು. ಇಷ್ಟು ನಿಧಾನ ಸರಿಯೇ ಎಂದು ಇಂದು ಕೂತು ಕೇಳುವುದು ಸುಲಭ. ಆದರೆ ಕನ್ನಡಿ ಉಜ್ಜುವುದನ್ನು ಕಲಿತ ಕೈಗಳು ಅಲ್ಲಿಯೇ ತಯಾರಾದವು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆ ಕನ್ನಡಿಗೆ ಬಿದ್ದ ಮೊದಲ ಬೆಳಕನ್ನು ಬಪ್ಪು ನೋಡಲಿಲ್ಲ. 1982ರ ಆಗಸ್ಟ್‌ನಲ್ಲಿ ಒಕ್ಕೂಟದ ಮಹಾಸಭೆ ಗ್ರೀಸಿನ ಪ್ಯಾಟ್ರಸ್‌ನಲ್ಲಿ ಆರಂಭವಾದಾಗ ಅಧ್ಯಕ್ಷರು ಜರ್ಮನಿಯ ಮ್ಯೂನಿಕ್‌ನ ಆಸ್ಪತ್ರೆಯಲ್ಲಿದ್ದರು. ಹೃದಯದ ಶಸ್ತ್ರಚಿಕಿತ್ಸೆಯ ನಂತರ ಚೇತರಿಸಿಕೊಳ್ಳದೆ ಆಗಸ್ಟ್ 19ರಂದು ತೀರಿಕೊಂಡರು. 55 ತುಂಬಿ ಒಂಬತ್ತು ದಿನವಾಗಿತ್ತು. ಬಾರ್ಟ್ ಬಾಕ್ ಮರುವರ್ಷದ ಆಗಸ್ಟ್‌ನಲ್ಲಿ ಹೋದರು. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿ ಕಾವಲೂರಿನ ದೂರದರ್ಶಕಕ್ಕೆ ಮತ್ತು ವೀಕ್ಷಣಾಲಯಕ್ಕೆ ವೈನು ಬಪ್ಪು ಹೆಸರಿಟ್ಟರು.

ನಕ್ಷತ್ರಗಳ ದೂರ ಅಳೆಯುವ ಕೆಲಸ ಆಮೇಲೆ ಬಾಹ್ಯಾಕಾಶಕ್ಕೆ ಹೋಯಿತು. ಯುರೋಪಿನ ಗಾಯಾ ನೌಕೆ 2013ರ ಡಿಸೆಂಬರ್‌ನಲ್ಲಿ ಹೊರಟು 2025ರ ಜನವರಿಯವರೆಗೆ 100 ಕೋಟಿಗೂ ಹೆಚ್ಚು ನಕ್ಷತ್ರಗಳನ್ನು ಅಳೆಯಿತು. ಅಷ್ಟಾದರೂ ಕ್ಷೀರಪಥಕ್ಕೆ ಮುಖ್ಯ ತೋಳುಗಳು ಎರಡೋ ನಾಲ್ಕೋ ಎಂಬ ಚರ್ಚೆ ನಿಂತಿಲ್ಲ. ನಡುಭಾಗದ ಆಚೆ ಬದಿ ದೂಳಿನ ಹಿಂದೆ ಅಡಗಿದೆ. ಫಾರ್ವರ್ಡ್‌ನಲ್ಲಿ ಬರುವ ಚಿತ್ರದಲ್ಲಿ ಆ ಬದಿಯ ಹೆಚ್ಚಿನ ವಿವರ ಊಹೆಯದು. ಸೂರ್ಯನ ಪಕ್ಕದ ಬಾಣ ಮಾತ್ರ ಹೆಚ್ಚುಕಡಿಮೆ ಸರಿಯಾದ ಜಾಗದಲ್ಲಿದೆ: ನಾವಿರುವುದು ಓರಿಯನ್ ಎಂಬ ಸಣ್ಣ ತೋಳಿನಲ್ಲಿ, ಪರ್ಸಿಯಸ್ ಮತ್ತು ಧನು ತೋಳುಗಳ ನಡುವೆ.

ಬಪ್ಪು ಕಟ್ಟಿದ ಸಂಸ್ಥೆ ಮೈಸೂರಿಗೂ ಬಂದಿದೆ. ಮೈಸೂರು ವಿಶ್ವವಿದ್ಯಾಲಯದ ಜೊತೆ ಸೇರಿ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ತಾರಾಲಯ ಮತ್ತು ಖಗೋಳ ಶಿಕ್ಷಣ ಕೇಂದ್ರಕ್ಕೆ 2022ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆಯಿತು.

1949ರ ಆ ಧೂಮಕೇತು ಮರಳುವುದು ಸುಮಾರು 60,000 ವರ್ಷಗಳ ನಂತರ ಎಂದು ಆಗ ಲೆಕ್ಕ ಹಾಕಿದ್ದರು. ಅಷ್ಟರಲ್ಲಿ ಸೂರ್ಯ ತನ್ನ ಸುತ್ತಿನಲ್ಲಿ ಸುಮಾರು 44 ಜ್ಯೋತಿರ್ವರ್ಷ ಮುಂದೆ ಸಾಗಿರುತ್ತಾನೆ. ವಾಟ್ಸ್‌ಆ್ಯಪ್‌ನ ಚಿತ್ರದಲ್ಲಿ ಆ ಬಾಣ ಕೂದಲೆಳೆಯಷ್ಟೂ ಕದಲದು.